ಜನಪ್ರಿಯ ಭೌತವಿಜ್ಞಾನದ ಪುಸ್ತಕ ಓದಲು ಯೋಗ್ಯವೋ ಅಲ್ಲವೋ ಎಂದು ತಿಳಿಯುವುದು ಹೇಗೆ?

ಪ್ರಶ್ನೆ — ಲೋಲಕ

ಸಾಮಾನ್ಯ ಓದುಗರಿಗಾಗಿ ಬರೆದ ಭೌತವಿಜ್ಞಾನದ ಪುಸ್ತಕಗಳನ್ನು ಕೆಲವು ವರ್ಷಗಳಿಂದ ಬಿಡುವಾದಾಗಲೆಲ್ಲ ಓದುತ್ತ ಬಂದಿದ್ದೇನೆ. ಕಾಲೇಜಿನಲ್ಲಿ ಈ ವಿಷಯವನ್ನು ಒಂದು ಹಂತದವರೆಗೆ ಕಲಿತು ಅನಂತರ ಬೇರೆ ವೃತ್ತಿಗೆ ಹೋದವನು ನಾನು. ಬೀಜಗಣಿತ ಇನ್ನೂ ನೆನಪಿದೆ, ಕಲನಶಾಸ್ತ್ರ ಹೆಚ್ಚುಕಡಿಮೆ ಮರೆತುಹೋಗಿದೆ. ಓದುವಾಗ ಪುಟಗಳು ಸರಾಗವಾಗಿ ಸಾಗುತ್ತವೆ, ಎಲ್ಲವೂ ಅರ್ಥವಾದಂತೆಯೇ ತೋರುತ್ತದೆ. ಆದರೆ ಪುಸ್ತಕ ಮುಚ್ಚಿಟ್ಟ ಮೇಲೆ ಯಾರಾದರೂ ‘ಕಪ್ಪುಕುಳಿಯ ಹತ್ತಿರ ಕಾಲ ನಿಧಾನವಾಗುತ್ತದೆ ಎನ್ನುತ್ತೀಯಲ್ಲ, ಅದು ಯಾಕೆ?’ ಎಂದು ಕೇಳಿದರೆ, ಅದೇ ವಾಕ್ಯವನ್ನು ಬೇರೆ ಮಾತುಗಳಲ್ಲಿ ತಿರುಗಿ ಹೇಳುವುದನ್ನು ಬಿಟ್ಟು ನನ್ನ ಬಳಿ ಉತ್ತರವಿರುವುದಿಲ್ಲ.

ಪುಸ್ತಕಗಳ ಪಟ್ಟಿ ಕೊಡಿ ಎಂದು ನಾನು ಕೇಳುತ್ತಿಲ್ಲ. ಅಂಥ ಪಟ್ಟಿಗಳಿಗೆ ಬರವಿಲ್ಲ, ಅವುಗಳಲ್ಲಿ ಹೆಚ್ಚಿನವು ಹೆಸರುವಾಸಿಯಾದವನ್ನೇ ಮತ್ತೆ ಮತ್ತೆ ಎಣಿಸುತ್ತವೆ. ನನಗೆ ಬೇಕಾಗಿರುವುದು ಮಾನದಂಡ. ಓದುಗನ ಸಮಯಕ್ಕೆ ತಕ್ಕ ಬೆಲೆ ಕೊಡುವ ಪುಸ್ತಕದಲ್ಲಿ ಏನಿರುತ್ತದೆ? ಬರೀ ಬೆರಗು ಹುಟ್ಟಿಸಿ ಕೈತೊಳೆದುಕೊಳ್ಳುವ ಪುಸ್ತಕದಲ್ಲಿ ಏನಿರುವುದಿಲ್ಲ? ಗಣಿತವಿಲ್ಲದ ಪುಸ್ತಕದಿಂದ ನಿಜವಾದ ತಿಳಿವಳಿಕೆಯನ್ನು ನಿರೀಕ್ಷಿಸುವುದೇ ಅತಿಯಾಸೆಯೇ ಎಂಬುದನ್ನೂ ತಿಳಿದವರು ಹೇಳಬೇಕೆಂದು ಕೋರುತ್ತೇನೆ.


ಉತ್ತರ — ಪಟ್ಟಕ

ಪುಸ್ತಕವನ್ನು ಒರೆಗೆ ಹಚ್ಚಲು ನಾನು ಬಳಸುವ ಪ್ರಶ್ನೆ ಒಂದೇ: ಅದು ಒಂದು ಸಂಗತಿಯನ್ನು ಹೇಳಿದಾಗ, ಆ ಸಂಗತಿ ಮನುಷ್ಯರಿಗೆ ಗೊತ್ತಾದದ್ದು ಹೇಗೆ ಎಂಬುದನ್ನೂ ಜೊತೆಯಲ್ಲೇ ಹೇಳುತ್ತದೆಯೇ? ‘ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆ’ ಎಂದು ಬರೆದು ಅವಳಿ ಸಹೋದರರ ಕಥೆಗೆ ಜಿಗಿಯುವ ಲೇಖಕರು ಬಹಳ ಮಂದಿ. ಅದೇ ಜಾಗದಲ್ಲಿ ಮ್ಯೂಆನ್ ಎಂಬ, ಎಲೆಕ್ಟ್ರಾನಿನ ಜಾತಿಯ ಆದರೆ ಅದಕ್ಕಿಂತ ಭಾರವಾದ ಕಣಗಳ ಎಣಿಕೆಯನ್ನು ತರುವ ಲೇಖಕರು ಓದುಗನ ಕೈಗೆ ಬೇರೆಯೇ ಒಂದು ವಸ್ತುವನ್ನು ಕೊಡುತ್ತಾರೆ.

ಆ ಪ್ರಯೋಗವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ವಾದವೆಲ್ಲ ಅದರ ವಿವರದಲ್ಲಿದೆ. ವಾತಾವರಣದ ಮೇಲ್ಪದರದಲ್ಲಿ ಹುಟ್ಟುವ ಮ್ಯೂಆನ್‌ಗಳು ಬೆಳಕಿನ ವೇಗಕ್ಕೆ ಬಹಳ ಹತ್ತಿರದ ವೇಗದಲ್ಲಿ ಕೆಳಗಿಳಿಯುತ್ತವೆ, ಇಳಿಯುತ್ತಲೇ ಕ್ಷಯಿಸುತ್ತವೆ, ಅಂದರೆ ಬೇರೆ ಕಣಗಳಾಗಿ ಒಡೆಯುತ್ತವೆ. ಯಾವುದೇ ಗುಂಪಿನಲ್ಲಿ ಅರ್ಧದಷ್ಟು ಕಣಗಳು ಕ್ಷಯಿಸಲು ಸುಮಾರು 1.5 ಮೈಕ್ರೋಸೆಕೆಂಡ್ ಸಾಕು. 1963ರಲ್ಲಿ ಪ್ರಕಟವಾದ ಫ್ರಿಶ್ ಮತ್ತು ಸ್ಮಿತ್ ಅವರ ಪ್ರಯೋಗದಲ್ಲಿ, ಅಮೆರಿಕದ ಮೌಂಟ್ ವಾಷಿಂಗ್ಟನ್ ಪರ್ವತದ ಮೇಲೆ, ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿ, ಗಂಟೆಗೆ ಸುಮಾರು 560 ಮ್ಯೂಆನ್‌ಗಳನ್ನು ಎಣಿಸಲಾಯಿತು. ಅಷ್ಟು ದೂರ ಕೆಳಗಿಳಿಯಲು ಅವುಗಳಿಗೆ ನಮ್ಮ ಗಡಿಯಾರದ ಪ್ರಕಾರ ಹೆಚ್ಚುಕಡಿಮೆ 6.4 ಮೈಕ್ರೋಸೆಕೆಂಡ್ ಬೇಕು. ಇನ್ನು ಮುಂದಿನದನ್ನು ಓದುಗನೇ ಲೆಕ್ಕ ಹಾಕಬಹುದು: 560 ಅರ್ಧವಾಗಿ 280, ಮತ್ತೆ ಅರ್ಧವಾಗಿ 140, 70, 35, ಅಂದರೆ ಸಮುದ್ರಮಟ್ಟಕ್ಕೆ ಬಂದು ಮುಟ್ಟಬೇಕಾದದ್ದು ಗಂಟೆಗೆ ಮೂವತ್ತರ ಆಸುಪಾಸು. ಅಲ್ಲಿ ನಿಜವಾಗಿ ಎಣಿಕೆಗೆ ಸಿಕ್ಕದ್ದು 400ಕ್ಕೂ ಹೆಚ್ಚು. ಕಣಗಳ ಪಾಲಿಗೆ ಕಳೆದ ಕಾಲ ಸುಮಾರು 0.7 ಮೈಕ್ರೋಸೆಕೆಂಡ್ ಮಾತ್ರ ಎಂದು ಒಪ್ಪಿದರೆ ಆ ಸಂಖ್ಯೆ ಹೊಂದುತ್ತದೆ, ಅಂದರೆ ಅವುಗಳ ಕಾಲ ನಮ್ಮದಕ್ಕಿಂತ ಸುಮಾರು ಒಂಬತ್ತು ಪಟ್ಟು ನಿಧಾನವಾಗಿ ಸಾಗಿರಬೇಕು. ಸಾಪೇಕ್ಷತಾ ಸಿದ್ಧಾಂತ ಕೊಡುವ ಉತ್ತರವೂ ಅದರ ಹತ್ತಿರದ್ದೇ.

ಇದರಲ್ಲಿ ಅರ್ಧಿಸುವುದಕ್ಕಿಂತ ಕಠಿಣವಾದ ಗಣಿತವಿಲ್ಲ. ಆದರೂ ಈ ಪುಟವನ್ನು ಓದಿದವನು ‘ಕಾಲ ನಿಧಾನವಾಗುವುದೆಂದರೆ ಗಡಿಯಾರದ ಯಂತ್ರದಲ್ಲೇನೋ ದೋಷವಿರಬೇಕು’ ಎಂಬ ವಾದವನ್ನು ಎದುರಿಸಬಲ್ಲ, ಏಕೆಂದರೆ ಮ್ಯೂಆನಿನೊಳಗೆ ಯಾವ ಯಂತ್ರವೂ ಇಲ್ಲ. ಓದಿದ ಮೇಲೆ ಒಂದು ತಪ್ಪು ವಿವರಣೆಯನ್ನಾದರೂ ತಳ್ಳಿಹಾಕಲು ಸಾಧ್ಯವಾಗಬೇಕು ಎಂಬುದು ನನ್ನ ನಿರೀಕ್ಷೆ.

ಇನ್ನೊಂದು ಉದಾಹರಣೆ ಸಮುದ್ರದ ನೀಲಿಯದು. ಅದು ನೀರಿನ ಸ್ವಂತ ಬಣ್ಣವಲ್ಲ, ಆಕಾಶದ ಪ್ರತಿಬಿಂಬ ಅಷ್ಟೇ ಎಂದು ಲಾರ್ಡ್ ರೇಲಿಯವರಂಥ ದೊಡ್ಡ ವಿಜ್ಞಾನಿಯೇ ಹೇಳಿದ್ದರು. 1921ರಲ್ಲಿ ಹಡಗಿನಲ್ಲಿ ಪ್ರಯಾಣಿಸುತ್ತಿದ್ದ ಸಿ.ವಿ. ರಾಮನ್ ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ನಿಕೋಲ್ ಪಟ್ಟಕದ ಮೂಲಕ ಸಮುದ್ರವನ್ನು ನೋಡಿದರು. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕು ಧ್ರುವೀಕರಣಗೊಂಡಿರುತ್ತದೆ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ, ಆದ್ದರಿಂದ ಪಟ್ಟಕವನ್ನು ಸರಿಯಾಗಿ ತಿರುಗಿಸಿದರೆ ಆ ಪ್ರತಿಫಲನ ಅಳಿಸಿಹೋಗುತ್ತದೆ. ರೇಲಿಯವರ ಮಾತು ನಿಜವಾಗಿದ್ದರೆ ಪ್ರತಿಫಲನದ ಜೊತೆಗೆ ನೀಲಿಯೂ ಹೋಗಬೇಕಿತ್ತು. ಅದು ಹೋಗುವ ಬದಲು ಮತ್ತಷ್ಟು ಗಾಢವಾಯಿತು. ಸಾಧಾರಣ ಪುಸ್ತಕ ಇಲ್ಲಿಗೆ ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತದೆ. ಒಳ್ಳೆಯ ಪುಸ್ತಕ ಇನ್ನೊಂದು ಹೆಜ್ಜೆ ಇಡುತ್ತದೆ: ನೀಲಿಗೆ ಕಾರಣ ನೀರಿನ ಅಣುಗಳಿಂದ ಬೆಳಕು ಚದುರುವುದು ಎಂದು ರಾಮನ್ ವಿವರಿಸಿದರು, ಆದರೆ ಇಂದಿನ ತಿಳಿವಳಿಕೆಯಂತೆ ನೀರಿನ ಅಣುಗಳು ಕೆಂಪು ಬೆಳಕನ್ನು ಅಲ್ಪಸ್ವಲ್ಪವಾಗಿ ಹೀರಿಕೊಳ್ಳುವುದರ ಪಾತ್ರವೇ ಹಿರಿದು, ಚದುರುವಿಕೆ ಉಳಿದ ನೀಲಿಯನ್ನು ನಮ್ಮ ಕಣ್ಣಿಗೆ ಹಿಂತಿರುಗಿಸುತ್ತದೆ. ಭಾರಜಲದ (ಹೈಡ್ರೋಜನ್‌ನ ಭಾರವಾದ ರೂಪದಿಂದಾದ ನೀರಿನ) ಅಣುಗಳು ಹೀರುವುದು ಕಣ್ಣಿಗೆ ಕಾಣದ ಅವಕೆಂಪು ಭಾಗದಲ್ಲಾದ್ದರಿಂದ ಅದಕ್ಕೆ ಈ ಛಾಯೆಯಿಲ್ಲ ಎಂಬ ಸಂಗತಿ ಆ ವಿವರಣೆಗೆ ಬಲ ಕೊಡುತ್ತದೆ. ಒಬ್ಬ ಮಹಾವಿಜ್ಞಾನಿ ಇನ್ನೊಬ್ಬರ ಅಭಿಪ್ರಾಯವನ್ನು ಸರಿಯಾದ ಪರೀಕ್ಷೆಯಿಂದ ಉರುಳಿಸಿ, ತಾವು ಕೊಟ್ಟ ವಿವರಣೆಯಲ್ಲಿ ಅರ್ಧ ದಾರಿ ಮಾತ್ರ ಕ್ರಮಿಸಿದ್ದರು ಎಂಬುದನ್ನು ಮುಚ್ಚಿಡದೆ ಹೇಳುವ ಲೇಖಕರನ್ನು ನಾನು ಉಳಿದ ವಿಷಯಗಳಲ್ಲೂ ನಂಬುತ್ತೇನೆ.


ಉತ್ತರ — ಬಾಗುಗೆರೆ

ಪಟ್ಟಕ ಅವರ ಮಾತಿಗೆ ನನ್ನ ಒಪ್ಪಿಗೆಯಿದೆ. ಆದರೆ ಲೋಲಕ ಅವರ ತೊಂದರೆಯ ಮೂಲ ಹೋಲಿಕೆಗಳಲ್ಲಿದೆ ಎಂದು ನನಗನ್ನಿಸುತ್ತದೆ. ಅವರು ಕೇಳಿದ ಕಾಲ ಮತ್ತು ಗುರುತ್ವದ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ.

ಗುರುತ್ವವನ್ನು ವಿವರಿಸಲು ಹೊರಟ ಪುಸ್ತಕಗಳಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ರಬ್ಬರ್ ಹಾಳೆ, ಅದರ ನಡುವೆ ಭಾರವಾದ ಗುಂಡು, ಆ ತಗ್ಗಿನ ಸುತ್ತ ಉರುಳುವ ಚಿಕ್ಕ ಗೋಲಿ ಕಡ್ಡಾಯವೆಂಬಂತೆ ಬರುತ್ತವೆ. ಚಿತ್ರ ಸೊಗಸಾಗಿದೆ. ಆದರೆ ಗುಂಡು ಹಾಳೆಯನ್ನು ಕೆಳಕ್ಕೆ ಜಗ್ಗುವುದು ಏಕೆ? ಕೆಳಗೆ ಭೂಮಿಯಿದೆ, ಅದರ ಗುರುತ್ವವಿದೆ ಎಂಬ ಕಾರಣಕ್ಕೆ. ಅಂದರೆ ಯಾವುದನ್ನು ವಿವರಿಸಬೇಕಿತ್ತೋ ಅದನ್ನೇ ಬಳಸಿಕೊಂಡು ವಿವರಣೆ ನಡೆದಿದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಆ ಹಾಳೆಯಲ್ಲಿ ಬಾಗಿರುವುದು ದೇಶ, ಅಂದರೆ ಸ್ಥಳ, ಮಾತ್ರ. ಕಾಲಕ್ಕೆ ಅಲ್ಲಿ ಜಾಗವೇ ಇಲ್ಲ. ಹಣ್ಣು ಮರದಿಂದ ಬೀಳುವುದಕ್ಕೂ ಗ್ರಹಗಳು ತಮ್ಮ ಕಕ್ಷೆಯಲ್ಲಿ ಸುತ್ತುವುದಕ್ಕೂ, ಅಂದರೆ ಬೆಳಕಿಗೆ ಹೋಲಿಸಿದರೆ ತೀರಾ ನಿಧಾನವಾಗಿ ಚಲಿಸುವ ವಸ್ತುಗಳ ನಡತೆಗೆಲ್ಲ, ಮುಖ್ಯ ಕಾರಣ ಕಾಲದ ಬಾಗು: ಎತ್ತರದಲ್ಲಿರುವ ಗಡಿಯಾರಕ್ಕಿಂತ ತಗ್ಗಿನಲ್ಲಿರುವ ಗಡಿಯಾರ ಅತ್ಯಲ್ಪ ಪ್ರಮಾಣದಲ್ಲಿ ನಿಧಾನವಾಗಿ ನಡೆಯುತ್ತದೆ, ಆ ವ್ಯತ್ಯಾಸದಿಂದಲೇ ವಸ್ತುಗಳ ಸಹಜ ಚಲನೆಯ ಹಾದಿ ಕೆಳಕ್ಕೆ ತಿರುಗುತ್ತದೆ. ಈ ವ್ಯತ್ಯಾಸವನ್ನು ಅಳೆಯಲೂ ಆಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ವಿಜ್ಞಾನಿಗಳು 2010ರಲ್ಲಿ ಪರಮಾಣು ಗಡಿಯಾರವೊಂದನ್ನು ಕೇವಲ 33 ಸೆಂಟಿಮೀಟರ್ ಮೇಲಕ್ಕೆತ್ತಿ, ಅದು ವೇಗವಾಗಿ ನಡೆದದ್ದನ್ನು ಕಂಡರು. ಕಪ್ಪುಕುಳಿಯ ಹತ್ತಿರ ಇದೇ ಪರಿಣಾಮ ವಿಪರೀತಕ್ಕೆ ಹೋಗುತ್ತದೆಯೇ ಹೊರತು ಅಲ್ಲಿ ನಡೆಯುವುದು ಬೇರೆ ಜಾತಿಯ ವಿದ್ಯಮಾನವಲ್ಲ. ರಬ್ಬರ್ ಹಾಳೆಯನ್ನಷ್ಟೇ ನೋಡಿದ ಓದುಗನಿಗೆ ಗುರುತ್ವ ಒಂದು ಕಡೆ, ಕಾಲದ ನಿಧಾನಗತಿ ಇನ್ನೊಂದು ಕಡೆ, ಎರಡು ಸಂಬಂಧವಿಲ್ಲದ ವಿಸ್ಮಯಗಳಾಗಿ ಉಳಿಯುತ್ತವೆ.

ಹಾಗೆಂದು ಹೋಲಿಕೆಗಳನ್ನೇ ಬಿಡಬೇಕೆಂದು ನಾನು ಹೇಳುತ್ತಿಲ್ಲ. ಹೋಲಿಕೆ ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಲೇಖಕರು ಸ್ವತಃ ತೋರಿಸಿಕೊಡಬೇಕು. ರಬ್ಬರ್ ಹಾಳೆಯನ್ನು ಬಳಸಿ, ಮರುಪುಟದಲ್ಲೇ ಅದರ ದೋಷವನ್ನು ಬಿಡಿಸಿ ತೋರಿಸಿ, ಅಲ್ಲಿಂದ ಬೆಳಕಿನ ಬಾಗುವಿಕೆಗೆ ದಾಟುವ ಲೇಖಕರಿಗೆ ಒಂದು ಅಪೂರ್ವ ಅವಕಾಶವಿದೆ. ಸೂರ್ಯನ ಅಂಚನ್ನು ಹಾದುಬರುವ ನಕ್ಷತ್ರದ ಬೆಳಕು ಎಷ್ಟು ಬಾಗುತ್ತದೆ ಎಂದು ಐನ್‌ಸ್ಟೈನ್ 1911ರಲ್ಲಿ ಲೆಕ್ಕ ಹಾಕಿದಾಗ ಅವರಿಗೆ ಸಿಕ್ಕದ್ದು 0.83 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3,600ರಲ್ಲಿ ಒಂದು ಭಾಗ), ಆ ಲೆಕ್ಕದಲ್ಲಿ ಕಾಲದ ಪಾಲು ಮಾತ್ರ ಇತ್ತು. ಪೂರ್ಣ ಸಿದ್ಧಾಂತ ಸಿದ್ಧವಾದ 1915ರಲ್ಲಿ ದೇಶದ ಬಾಗು ತಂದುಕೊಟ್ಟ ಅಷ್ಟೇ ದೊಡ್ಡ ಪಾಲೂ ಸೇರಿ ಉತ್ತರ ಇಮ್ಮಡಿಯಾಯಿತು. ಸೂರ್ಯನ ಪಕ್ಕದ ನಕ್ಷತ್ರಗಳು ಕಾಣುವುದು ಪೂರ್ಣ ಗ್ರಹಣದಲ್ಲಿ. ನಡುವೆ, 1914ರ ಗ್ರಹಣವನ್ನು ನೋಡಲು ಹೊರಟಿದ್ದ ಜರ್ಮನ್ ತಂಡದ ಕೆಲಸ ಯುದ್ಧದಿಂದಾಗಿ ನಿಂತುಹೋಯಿತು. ಅದು ನಡೆದಿದ್ದರೆ ಅಳತೆ ಹಳೆಯ ಲೆಕ್ಕಕ್ಕೆ ವಿರುದ್ಧವಾಗಿ ಬರುವ ಸಂಭವವಿತ್ತು. 1919ರ ಮೇ 29ರ ಗ್ರಹಣದ ಹೊತ್ತಿಗೆ ತಿದ್ದಿದ ಸಂಖ್ಯೆ ಕೈಯಲ್ಲಿತ್ತು. ‘ಅರ್ಧ ಕಾಲದ್ದು, ಅರ್ಧ ದೇಶದ್ದು’ ಎಂಬ ಈ ಒಂದು ಮಾತನ್ನು ಹೇಳುವ ಪುಸ್ತಕ ರಬ್ಬರ್ ಹಾಳೆಯ ಹತ್ತು ಬಣ್ಣದ ಚಿತ್ರಗಳಿಗಿಂತ ಹೆಚ್ಚಿನದನ್ನು ಕಲಿಸುತ್ತದೆ.

ಮೂಲಕಣಗಳಿಗೆ ದ್ರವ್ಯರಾಶಿ ಕೊಡುವ ಹಿಗ್ಸ್ ಕ್ಷೇತ್ರವನ್ನು ಅಂಟು ದ್ರವದಂತೆ ಬಣ್ಣಿಸುವುದೂ ಇದೇ ಜಾತಿಗೆ ಸೇರಿದ್ದು. ದ್ರವ ವಸ್ತುವಿನ ವೇಗವನ್ನು ತಗ್ಗಿಸುತ್ತದೆ, ದ್ರವ್ಯರಾಶಿ ಹಾಗೆ ಮಾಡುವುದಿಲ್ಲ. ಪ್ರೋಟಾನಿನ ದ್ರವ್ಯರಾಶಿಯಲ್ಲಿ ಅದರೊಳಗಿನ ಮೂಲಕಣಗಳಾದ ಕ್ವಾರ್ಕ್‌ಗಳ ಸ್ವಂತ ದ್ರವ್ಯರಾಶಿಯ ಪಾಲು ನೂರಕ್ಕೆ ಒಂದರಷ್ಟಿದ್ದು, ಉಳಿದದ್ದೆಲ್ಲ ಅವುಗಳನ್ನು ಬಂಧಿಸಿಟ್ಟಿರುವ ಶಕ್ತಿಯಿಂದ ಬಂದದ್ದು ಎಂಬುದನ್ನು ಹೇಳದೆ, ‘ಹಿಗ್ಸ್ ಎಲ್ಲಕ್ಕೂ ತೂಕ ಕೊಡುತ್ತದೆ’ ಎಂದು ಬರೆದಿದ್ದರೆ ಆ ಅಧ್ಯಾಯವನ್ನು ಅವಸರದಲ್ಲಿ ಬರೆದಿದ್ದಾರೆ ಎಂದು ತಿಳಿಯಬಹುದು.


ಮರುಪ್ರಶ್ನೆ — ಲೋಲಕ

ಇಬ್ಬರಿಗೂ ಕೃತಜ್ಞತೆಗಳು. ‘ಯಾಕೆ’ ಎಂಬ ನನ್ನ ಪ್ರಶ್ನೆಗೆ ಉತ್ತರದ ದಾರಿ ಯಾವುದೆಂದು ಈಗ ಕಾಣುತ್ತಿದೆ. ಆದರೆ ನೀವು ಕೊಟ್ಟ ಉದಾಹರಣೆಗಳೆಲ್ಲ ಸಾಪೇಕ್ಷತೆ ಮತ್ತು ಬೆಳಕಿನವು. ಅವುಗಳಲ್ಲಿ ಗಡಿಯಾರ, ಗ್ರಹಣ, ಎಣಿಕೆ ಎಂದು ಹಿಡಿದುಕೊಳ್ಳಲು ಏನಾದರೂ ಇದೆ. ಕ್ವಾಂಟಮ್ ಸಿದ್ಧಾಂತ ಹಾಗಲ್ಲವಲ್ಲ. ಅದು ಅಡಿಯಿಂದ ಮುಡಿಯವರೆಗೆ ಗಣಿತವೇ ಎನ್ನುತ್ತಾರೆ. ಅಲ್ಲಿ ಸಮೀಕರಣಗಳನ್ನು ಕಿತ್ತುಹಾಕಿದ ಮೇಲೆ ಉಳಿಯುವುದನ್ನು ತಿಳಿವಳಿಕೆ ಎನ್ನಬಹುದೇ?


ಉತ್ತರ — ಅಂದಾಜುಗಾರ

ಎನ್ನಬಹುದು, ಆದರೆ ಒಂದು ಷರತ್ತಿನ ಮೇಲೆ. ಗಣಿತದ ಸಂಕೇತಗಳನ್ನು ತೆಗೆಯುವುದು ಬೇರೆ, ಗಣಿತದ ಕಟ್ಟಡವನ್ನೇ ಕೆಡವುವುದು ಬೇರೆ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡದಿರುವ ಕೌಶಲಕ್ಕೆ ಕ್ವಾಂಟಮ್ ಕ್ಷೇತ್ರದಲ್ಲೇ ಅತ್ಯುತ್ತಮ ನಿದರ್ಶನವಿದೆ. ಬೆಳಕು ಮತ್ತು ವಸ್ತುವಿನ ಸಂಬಂಧವನ್ನು ಕುರಿತು ರಿಚರ್ಡ್ ಫೈನ್‌ಮನ್ ಸಾಮಾನ್ಯ ಜನರಿಗಾಗಿ ಕೊಟ್ಟ ಉಪನ್ಯಾಸಗಳು 1985ರಲ್ಲಿ ಪುಸ್ತಕವಾಗಿ ಬಂದವು. ಅದರಲ್ಲಿ ಸಂಕೀರ್ಣ ಸಂಖ್ಯೆಗಳ ಹೆಸರು ಹೇಳಿ ಓದುಗನನ್ನು ಹೆದರಿಸುವ ಬದಲು ಕಾಗದದ ಮೇಲೆ ಎಳೆಯಬಹುದಾದ ಚಿಕ್ಕ ಬಾಣಗಳಿವೆ: ಬೆಳಕು ಸಾಗಬಹುದಾದ ಪ್ರತಿಯೊಂದು ದಾರಿಗೂ ಒಂದು ಬಾಣ, ದಾರಿಯ ಉದ್ದಕ್ಕೆ ತಕ್ಕಂತೆ ಆ ಬಾಣ ತಿರುಗುತ್ತದೆ, ಕೊನೆಯಲ್ಲಿ ಎಲ್ಲ ಬಾಣಗಳನ್ನು ಒಂದರ ತುದಿಗೆ ಇನ್ನೊಂದರ ಬುಡವನ್ನಿಟ್ಟು ಜೋಡಿಸಿ, ಒಟ್ಟು ಬಾಣದ ಉದ್ದವನ್ನು ವರ್ಗ ಮಾಡಿದರೆ ಘಟನೆಯ ಸಂಭವನೀಯತೆ ಸಿಗುತ್ತದೆ.

ಇದನ್ನು ಹೋಲಿಕೆ ಎಂದು ಕರೆಯಲಾಗದು. ಸಂಶೋಧಕರು ಮಾಡುವ ಲೆಕ್ಕದ ತಿರುಳೇ ಇದು, ಬೇರೆ ಉಡುಪಿನಲ್ಲಿದೆ ಅಷ್ಟೇ. ಇದರ ಬಲ ಎಷ್ಟೆಂದರೆ, ಕನ್ನಡಿಯ ಅಂಚಿನ ಭಾಗದಿಂದ ಬರುವ ಬಾಣಗಳು ದಿಕ್ಕಾಪಾಲಾಗಿ ತಿರುಗಿ ಪರಸ್ಪರ ಅಳಿಸಿಹೋಗುತ್ತವೆ, ನಡುವಿನವು ಒಂದೇ ದಿಕ್ಕಿಗೆ ಸೇರಿ ಉಳಿಯುತ್ತವೆ, ಆದ್ದರಿಂದಲೇ ಪತನಕೋನ ಪ್ರತಿಫಲನಕೋನಕ್ಕೆ ಸಮ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಿಯಮ ಇಲ್ಲಿ ತಾನಾಗಿ ಹೊರಬೀಳುತ್ತದೆ. ಅಷ್ಟೇ ಅಲ್ಲ, ಅಂಚಿನ ಕನ್ನಡಿಯಲ್ಲಿ ಒಂದು ದಿಕ್ಕಿನ ಬಾಣಗಳಿಗೆ ಕಾರಣವಾದ ಪಟ್ಟಿಗಳನ್ನು ಮಾತ್ರ ಕೆರೆದು ತೆಗೆದರೆ, ಉಳಿದವನ್ನು ಅಳಿಸಲು ಯಾರೂ ಇಲ್ಲದೆ, ಬೆಳಕು ಬರಲೇಬಾರದ ಆ ಜಾಗದಿಂದಲೂ ಬೆಳಕು ಬರುತ್ತದೆ ಎಂದು ಓದುಗನೇ ಮೊದಲು ಊಹಿಸಬಹುದು. ವಿವರ್ತನ ಜಾಲರಿ ಎಂಬ ಉಪಕರಣ ಕೆಲಸ ಮಾಡುವುದು ಹಾಗೆಯೇ. ಕನ್ನಡಿಯನ್ನು ಕೆರೆದು ಕಡಿಮೆ ಮಾಡಿದಷ್ಟಕ್ಕೆ ಬೆಳಕು ಹೆಚ್ಚಾಗುತ್ತದೆ ಎಂಬ ಭವಿಷ್ಯವಾಣಿಯನ್ನು ಒಂದೂ ಸಮೀಕರಣ ಬರೆಯದೆ ಹೇಳಬಲ್ಲ ಓದುಗನಿಗೆ ಕ್ವಾಂಟಮ್ ಸಿದ್ಧಾಂತದಲ್ಲಿ ಏನೂ ತಿಳಿದಿಲ್ಲ ಎನ್ನಲು ನನಗೆ ಮನಸ್ಸು ಬಾರದು.

ಪಟ್ಟಕ ಅವರ ಮಾನದಂಡಕ್ಕೆ ಇಲ್ಲಿ ನನ್ನದೊಂದು ತಕರಾರಿದೆ. ಪ್ರತಿ ಮಾತಿಗೂ ಪ್ರಯೋಗದ ಸಾಕ್ಷ್ಯ ಬೇಕೆಂದು ಹಟ ಹಿಡಿದರೆ, ಸಿದ್ಧಾಂತವೊಂದರ ಒಳಗಿನ ತರ್ಕವನ್ನು ತೋರಿಸುವುದನ್ನೇ ಗುರಿಯಾಗಿಟ್ಟುಕೊಂಡ ಇಂಥ ಪುಸ್ತಕಗಳಿಗೆ ಅನ್ಯಾಯವಾಗುತ್ತದೆ. ಕೆಲವು ಪುಸ್ತಕಗಳು ಸಾಕ್ಷಿಗಳನ್ನು ಕರೆತರುತ್ತವೆ, ಕೆಲವು ನಿಯಮಗಳನ್ನು ಕೊಟ್ಟು ಆಡಲು ಬಿಡುತ್ತವೆ. ಎರಡೂ ಓದುಗನಿಂದ ಕೆಲಸ ಮಾಡಿಸುತ್ತವೆ.

ಸಂಖ್ಯೆಗಳ ಬಗ್ಗೆಯೂ ಒಂದು ಮಾತು. ದೇಶಕಾಲದಲ್ಲೇ ಏಳುವ ಅಲೆಗಳಾದ ಗುರುತ್ವ ತರಂಗಗಳನ್ನು ಕುರಿತು ಬರೆಯುವವರು, 2015ರ ಸೆಪ್ಟೆಂಬರ್ 14ರಂದು ಅವುಗಳನ್ನು ಪತ್ತೆಹಚ್ಚಿದ ಲೈಗೋ ಉಪಕರಣದ 4 ಕಿಲೋಮೀಟರ್ ಉದ್ದದ ತೋಳುಗಳಲ್ಲಿ ಆದ ಬದಲಾವಣೆ ಪ್ರೋಟಾನಿನ ವ್ಯಾಸಕ್ಕಿಂತ ನೂರಾರು ಪಟ್ಟು ಚಿಕ್ಕದು ಎಂದು ಬರೆದು ಉದ್ಗಾರ ಚಿಹ್ನೆ ಹಾಕುತ್ತಾರೆ. ಓದುಗನ ಮನಸ್ಸಿನಲ್ಲಿ ಏಳಬೇಕಾದ ಪ್ರಶ್ನೆ ಅನಂತರದ್ದು: ಕನ್ನಡಿಯೇ ಪರಮಾಣುಗಳಿಂದ ಆದದ್ದು, ಆ ಪರಮಾಣುಗಳೇ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಂಪಿಸುತ್ತಿರುತ್ತವೆ, ಹಾಗಿರುವಾಗ ಈ ಅಳತೆಗೆ ಅರ್ಥವೇನು? ಲೇಸರ್ ಕಿರಣ ಕನ್ನಡಿಯ ಅಗಾಧ ಸಂಖ್ಯೆಯ ಪರಮಾಣುಗಳ ಮೇಲೆ ಒಟ್ಟಿಗೆ ಬೀಳುವುದರಿಂದ ಅವುಗಳ ಬಿಡಿ ಕಂಪನಗಳು ಸರಾಸರಿಯಲ್ಲಿ ಕರಗುತ್ತವೆ, ಬೆಳಕು ಆ ತೋಳಿನಲ್ಲಿ ಸುಮಾರು 300 ಸಲ ಹಿಂದೆ ಮುಂದೆ ಓಡಾಡುವುದರಿಂದ ಪರಿಣಾಮ ಅಷ್ಟು ಪಟ್ಟು ಹೆಚ್ಚುತ್ತದೆ ಎಂದು ಬಿಡಿಸಿ ಹೇಳಿದಾಗ ಮಾತ್ರ ಆ ಸಂಖ್ಯೆ ಪುಟದ ಮೇಲಿರಲು ಅರ್ಹತೆ ಪಡೆಯುತ್ತದೆ.


ಉತ್ತರ — ಹಳೆಯ ಸಂಚಿಕೆ

ಚರ್ಚೆಯಲ್ಲಿ ಇನ್ನೂ ಬಾರದಿರುವ ವಿಷಯವೆಂದರೆ, ಪುಸ್ತಕ ಯಾವ ಮಾತನ್ನು ಎಷ್ಟು ಖಚಿತವಾಗಿ ಹೇಳುತ್ತದೆ ಎಂಬುದು. ವಿಶ್ವ ಒಂದು ಕಾಲದಲ್ಲಿ ಅತ್ಯಂತ ಬಿಸಿಯಾಗಿ, ಸಾಂದ್ರವಾಗಿ ಇತ್ತು ಎಂಬುದಕ್ಕೆ ಹಲವು ದಿಕ್ಕಿನ ಪುರಾವೆಗಳಿವೆ. ಅದಕ್ಕೂ ಮೊದಲು ಕ್ಷಣಾರ್ಧದಲ್ಲಿ ವಿಪರೀತ ಹಿಗ್ಗುವಿಕೆ ನಡೆಯಿತು ಎಂಬುದು ಬಹಳ ಮಂದಿ ಒಪ್ಪುವ, ಆದರೆ ಇನ್ನೂ ಪರೀಕ್ಷೆಯಲ್ಲಿರುವ ವಿಚಾರ. ನಮ್ಮ ವಿಶ್ವದಂಥ ಅಸಂಖ್ಯಾತ ವಿಶ್ವಗಳಿವೆ ಎಂಬುದು ಊಹೆ. ಈ ಮೂರನ್ನೂ ಒಂದೇ ದನಿಯಲ್ಲಿ, ಒಂದೇ ಪುಟದಲ್ಲಿ, ‘ವಿಜ್ಞಾನಿಗಳು ಕಂಡುಕೊಂಡಿದ್ದಾರೆ’ ಎಂಬ ಒಂದೇ ಕ್ರಿಯಾಪದಕ್ಕೆ ಕಟ್ಟಿ ಹೇಳುವ ಪುಸ್ತಕವನ್ನು, ಅದರ ಭಾಷೆ ಎಷ್ಟೇ ಚೆನ್ನಾಗಿದ್ದರೂ, ನಾನು ಅರ್ಧಕ್ಕೇ ಬಿಡುತ್ತೇನೆ.

ಇದೇ ಕಾರಣಕ್ಕೆ ಮುದ್ರಣದ ವರ್ಷವನ್ನು ನೋಡುವುದು ಒಳ್ಳೆಯದು. 2014ರ ಮಾರ್ಚಿನಲ್ಲಿ ಬೈಸೆಪ್ 2 ದೂರದರ್ಶಕದ ತಂಡ, ಆ ವಿಪರೀತ ಹಿಗ್ಗುವಿಕೆಗೆ ಪುರಾವೆಯಾಗಬಹುದಾದ ಆದಿಕಾಲದ ಗುರುತ್ವ ತರಂಗಗಳ ಗುರುತು ಸಿಕ್ಕಿತೆಂದು ಪ್ರಕಟಿಸಿತು. 2015ರ ಆರಂಭದ ಹೊತ್ತಿಗೆ, ಪ್ಲಾಂಕ್ ಉಪಗ್ರಹದ ದತ್ತಾಂಶದೊಂದಿಗೆ ಜೋಡಿಸಿ ನೋಡಿದಾಗ, ನಮ್ಮದೇ ಗೆಲಾಕ್ಸಿಯ ಧೂಳಿನಿಂದಲೂ ಅಂಥ ಸಂಕೇತ ಬರುತ್ತದೆ, ಆದ್ದರಿಂದ ಆ ಘೋಷಣೆಗೆ ಆಧಾರ ಸಾಲದು ಎಂಬುದು ಸ್ಪಷ್ಟವಾಯಿತು. ಆ ಕೆಲವು ತಿಂಗಳುಗಳಲ್ಲಿ ಬರೆದು ಮುಗಿಸಿದ ಅಧ್ಯಾಯದ ಪಾಡೇನು? ಲೇಖಕರು ಎಚ್ಚರದವರಾಗಿದ್ದರೆ ‘ಇದು ದೃಢಪಡಬೇಕಾಗಿದೆ’ ಎಂಬ ಒಂದು ವಾಕ್ಯ ಸೇರಿಸಿರುತ್ತಾರೆ, ಅಂಥ ಅಧ್ಯಾಯ ಇಂದಿಗೂ ಓದಲು ಯೋಗ್ಯ. ಹೊಸದೆಲ್ಲ ಉತ್ತಮ ಎಂದು ಇದರ ಅರ್ಥವಲ್ಲ. ವಿದ್ಯುತ್ಕಾಂತತೆ, ಉಷ್ಣಗತಿವಿಜ್ಞಾನ, ವಿಶೇಷ ಸಾಪೇಕ್ಷತೆಗಳ ಮೇಲಿನ ಹಳೆಯ ಪುಸ್ತಕಗಳಿಗೆ ವಯಸ್ಸಾಗುವುದು ಬಹಳ ನಿಧಾನ. ವಿಶ್ವವಿಜ್ಞಾನದ ಪುಸ್ತಕಗಳ ಸ್ಥಿತಿ ಬೇರೆ: 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂದು ತಿಳಿದ ಮೇಲೆ ಅದಕ್ಕೂ ಹಿಂದಿನ ಪುಸ್ತಕಗಳ ಕೊನೆಯ ಅಧ್ಯಾಯಗಳೆಲ್ಲ ಇತಿಹಾಸದ ಕಪಾಟಿಗೆ ಸೇರಿದವು.

ಇತಿಹಾಸ ಎಂದೆನಲ್ಲ, ಅದರಲ್ಲೂ ಒಂದು ಪರೀಕ್ಷೆ ಅಡಗಿದೆ. ಶಾಸ್ತ್ರೀಯ ಭೌತವಿಜ್ಞಾನ ‘ನೇರಳಾತೀತ ದುರಂತ’ಕ್ಕೆ (ಬಿಸಿ ವಸ್ತು ಕಿರು ತರಂಗಾಂತರಗಳಲ್ಲಿ ಮಿತಿಯಿಲ್ಲದ ಶಕ್ತಿ ಸೂಸಬೇಕೆಂಬ ಅಸಂಗತ ಲೆಕ್ಕಕ್ಕೆ) ಸಿಕ್ಕಿಬಿದ್ದಿತ್ತು, ಅದರಿಂದ ಪಾರು ಮಾಡಲು ಮ್ಯಾಕ್ಸ್ ಪ್ಲಾಂಕ್ 1900ರಲ್ಲಿ ಶಕ್ತಿಯನ್ನು ತುಣುಕುಗಳಾಗಿ ಒಡೆದರು ಎಂಬ ಕಥೆ ಅನೇಕ ಪುಸ್ತಕಗಳಲ್ಲಿದೆ. ಆದರೆ ಆ ಹೆಸರನ್ನು ಭೌತವಿಜ್ಞಾನಿ ಎರೆನ್‌ಫೆಸ್ಟ್ ಕೊಟ್ಟದ್ದು 1911ರಲ್ಲಿ. 1900ರಲ್ಲಿ ಪ್ಲಾಂಕ್ ಅವರನ್ನು ಕಾಡಿದ್ದು ನೇರಳಾತೀತದ ಕಡೆಯ ತೊಂದರೆಯಲ್ಲ. ರೂಬೆನ್ಸ್ ಮತ್ತು ಕುರ್ಲ್‌ಬಾಮ್ ದೀರ್ಘ ತರಂಗಾಂತರಗಳಲ್ಲಿ, ಅಂದರೆ ಅವಕೆಂಪಿನ ಕಡೆ, ನಡೆಸಿದ ಹೊಸ ಅಳತೆಗಳು ಅಲ್ಲಿಯವರೆಗಿನ ಸೂತ್ರಕ್ಕೆ ಹೊಂದಲಿಲ್ಲ, ಅದನ್ನು ಹೊಂದಿಸಲು ಹೊಸ ಸೂತ್ರ ಬಂತು, ಆ ಸೂತ್ರಕ್ಕೆ ಸಮರ್ಥನೆ ಹುಡುಕುವಾಗ ಶಕ್ತಿಯ ತುಣುಕುಗಳು ಒಳಬಂದವು. ಕಥೆಯ ಓಟಕ್ಕಾಗಿ ಘಟನೆಗಳನ್ನು ತಿರುಗುಮುರುಗು ಮಾಡಿದ ಲೇಖಕರು ಬೇರೆ ಕಡೆಯೂ ಹಾಗೆ ಮಾಡಿರಬಹುದು ಎಂಬ ಸಂಶಯ ಸಹಜ. ವಿಶ್ವದ ಆ ಬಿಸಿ ಆದಿಕಾಲದಿಂದ ಉಳಿದುಬಂದ ಹಿನ್ನೆಲೆ ವಿಕಿರಣ ಪತ್ತೆಯಾದ ಪ್ರಸಂಗದಲ್ಲಿ, ವಿಚಿತ್ರ ಸದ್ದಿಗೆ ಕಾರಣವೆಂದು ಮೊದಲು ಶಂಕಿಸಿದ, ಆಂಟೆನಾದೊಳಗಿನ ಪಾರಿವಾಳಗಳನ್ನು ಯಾರೂ ಮರೆಯುವುದಿಲ್ಲ. 1965ರಲ್ಲಿ ಪೆನ್ಜಿಯಾಸ್ ಮತ್ತು ವಿಲ್ಸನ್ ಪ್ರಕಟಿಸಿದ್ದು ಒಂದೇ ಒಂದು ತರಂಗಾಂತರದ ಅಳತೆಯಾಗಿತ್ತು, ಅದು ನಿಜಕ್ಕೂ ಉಷ್ಣ ವಿಕಿರಣದ ಪೂರ್ಣ ವಕ್ರರೇಖೆಗೆ ಹೊಂದುತ್ತದೆ ಎಂದು 1990ರಲ್ಲಿ ಕೋಬಿ ಉಪಗ್ರಹ ಅತ್ಯಂತ ಖಚಿತವಾಗಿ ತೋರಿಸಿತು ಎಂಬುದನ್ನು ಬರೆಯಲು ಮಾತ್ರ ಹಲವರಿಗೆ ಪುಟ ಸಾಲುವುದಿಲ್ಲ.


ಮರುಪ್ರಶ್ನೆ — ಲೋಲಕ

ಇವೆಲ್ಲ ಪುಸ್ತಕವನ್ನು ಪೂರ್ತಿ ಓದಿದ ಮೇಲೆ ಅನ್ವಯಿಸಬಹುದಾದ ಮಾನದಂಡಗಳು. ಓದಲು ತೊಡಗುವ ಮುನ್ನ, ನನ್ನಂಥ ಓದುಗನಿಗೆ ಸಾಧ್ಯವಾಗುವ ರೀತಿಯಲ್ಲಿ, ಪುಸ್ತಕವನ್ನು ಹತ್ತು ಹದಿನೈದು ನಿಮಿಷ ತಿರುವಿಹಾಕಿ ತೀರ್ಮಾನಿಸುವ ಉಪಾಯವಿದೆಯೇ?


ಉತ್ತರ — ಪಟ್ಟಕ

ಇದೆ. ಮೊದಲು ಅಂದಾಜುಗಾರ ಅವರ ತಕರಾರನ್ನು ಒಪ್ಪಿಬಿಡುತ್ತೇನೆ. ಬಾಣಗಳ ಪುಸ್ತಕಕ್ಕೆ ನನ್ನ ಅಳತೆಗೋಲು ಸಲ್ಲದು.

ಉಪಾಯವೆಂದರೆ, ನಿಮಗೆ ಈಗಾಗಲೇ ಚೆನ್ನಾಗಿ ತಿಳಿದಿರುವ ಒಂದು ವಿಷಯವನ್ನು ಪದಸೂಚಿಯಲ್ಲಿ ಹುಡುಕಿ ಆ ಪುಟವನ್ನು ಮೊದಲು ಓದುವುದು. ಹೊಸ ವಿಷಯದ ಪುಟ ಹೇಗಿದ್ದರೂ ಬೆರಗು ಹುಟ್ಟಿಸುತ್ತದೆ, ತಿಳಿದ ವಿಷಯದ ಪುಟ ಲೇಖಕರ ಗುಣವನ್ನು ಹೊರಗೆಡಹುತ್ತದೆ. ಗಗನಯಾತ್ರಿಗಳು ತೇಲುವುದು ‘ಅಲ್ಲಿ ಗುರುತ್ವ ಇಲ್ಲದ ಕಾರಣ’ ಎಂದಿದ್ದರೆ ಪುಸ್ತಕವನ್ನು ಅಲ್ಲಿಯೇ ಇಟ್ಟುಬಿಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಿರುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಗುರುತ್ವದ ಬಲ ನೆಲದ ಮೇಲಿನದರ ನೂರಕ್ಕೆ 90ರ ಹತ್ತಿರವೇ ಇರುತ್ತದೆ, ನಿಲ್ದಾಣವೂ ಅದರೊಳಗಿನವರೂ ಒಟ್ಟಿಗೆ ಬೀಳುತ್ತಲೇ ಇರುವುದರಿಂದ ತೇಲುವಂತೆ ಕಾಣುತ್ತದೆ.

ಕ್ವಾಂಟಮ್ ಪುಸ್ತಕವಾದರೆ, ಕಣದ ಸ್ಥಾನ ಮತ್ತು ವೇಗ ಎರಡೂ ಒಟ್ಟಿಗೆ ನಿಖರವಾಗಿರಲಾರವು ಎನ್ನುವ ಅನಿಶ್ಚಿತತಾ ತತ್ವದ ಪುಟವನ್ನು ನೋಡಿ. ಎಲೆಕ್ಟ್ರಾನನ್ನು ನೋಡಲು ಬೆಳಕು ಹಾಯಿಸಿದರೆ ಅದು ಕದಲುತ್ತದೆ ಎಂಬ ವಿವರಣೆ 1927ರಲ್ಲಿ ಹೈಸೆನ್‌ಬರ್ಗ್ ಅವರೇ ಕೊಟ್ಟದ್ದು, ಅದನ್ನು ಹೇಳುವುದರಲ್ಲಿ ತಪ್ಪಿಲ್ಲ. ಅಲ್ಲಿಗೇ ನಿಂತರೆ ಓದುಗನಿಗೆ, ಎಲೆಕ್ಟ್ರಾನಿಗೆ ನಿಖರವಾದ ಸ್ಥಾನವೂ ವೇಗವೂ ಇವೆ, ನಮ್ಮ ಉಪಕರಣ ಒರಟಾಗಿರುವುದರಿಂದ ಅವು ಸಿಗುತ್ತಿಲ್ಲ ಎಂಬ ಭಾವನೆ ಉಳಿಯುತ್ತದೆ. ಕ್ಷಣಮಾತ್ರ ಕೇಳುವ ಚಪ್ಪಾಳೆಗೆ ಇಂಥದೇ ಎಂಬ ಶ್ರುತಿ ಇರುವುದಿಲ್ಲ, ನಿಶ್ಚಿತ ಶ್ರುತಿ ಬೇಕಾದರೆ ನಾದ ಸ್ವಲ್ಪ ಹೊತ್ತು ಹರಡಿರಲೇಬೇಕು; ಅಲೆಯ ಸ್ವಭಾವವಿರುವ ಎಲ್ಲಕ್ಕೂ ಈ ಕಟ್ಟು ಅನ್ವಯಿಸುತ್ತದೆ, ಯಾರು ಅಳೆದರೂ ಅಳೆಯದಿದ್ದರೂ. ಇಷ್ಟನ್ನು ಯಾವುದಾದರೂ ರೂಪದಲ್ಲಿ ಹೇಳಿದ್ದಾರೆಯೇ ನೋಡಿ. ಹಾಗೆಯೇ ಹೆಣೆದುಕೊಂಡ ಕಣಗಳ (ದೂರವಿದ್ದರೂ ಅಳತೆಯ ಫಲಿತಾಂಶಗಳು ಪರಸ್ಪರ ಹೊಂದಿಕೊಂಡಿರುವ ಕಣಗಳ) ಅಧ್ಯಾಯದಲ್ಲಿ, ಆ ಹೊಂದಾಣಿಕೆಯನ್ನು ಪ್ರಯೋಗದಿಂದ ಪರೀಕ್ಷಿಸುವ ದಾರಿ ತೋರಿಸಿದ ಭೌತವಿಜ್ಞಾನಿ ಜಾನ್ ಬೆಲ್ ಅವರ 1964ರ ಫಲಿತಾಂಶದ ಪ್ರಸ್ತಾಪವಿದೆಯೇ, ಈ ಕಣಗಳ ಮೂಲಕ ಬೆಳಕಿಗಿಂತ ವೇಗವಾಗಿ ಸಂದೇಶ ಕಳುಹಿಸಲಾಗದು ಎಂಬ ಮಾತಿದೆಯೇ ಎಂದು ನೋಡಿದರೆ ಸಾಕು. ಅದಿಲ್ಲದೆ ಪ್ರಜ್ಞೆ, ದೂರಸಂವೇದನೆ, ಮನಶ್ಶಕ್ತಿಗಳ ಕಡೆಗೆ ಹೊರಳುವ ಪುಸ್ತಕವನ್ನು ಭೌತವಿಜ್ಞಾನದ ಕಪಾಟಿನಲ್ಲಿ ಇಟ್ಟವರು ಯಾರು ಎಂದು ಕೇಳಬೇಕಾಗುತ್ತದೆ.


ಉತ್ತರ — ಅಂದಾಜುಗಾರ

ಒಂದೇ ಒಂದು ಸೇರ್ಪಡೆ. ಪದಸೂಚಿಯ ಪರೀಕ್ಷೆಯಲ್ಲಿ ಒಂದು ಪುಟ ಸೋತಿತೆಂದು ಇಡೀ ಪುಸ್ತಕವನ್ನು ತಳ್ಳಿಹಾಕುವ ಮುನ್ನ, ಲೇಖಕರು ಸ್ವತಃ ಕೆಲಸ ಮಾಡಿದ ಕ್ಷೇತ್ರ ಯಾವುದೆಂದು ತಿಳಿದುಕೊಂಡು ಆ ಅಧ್ಯಾಯವನ್ನೂ ಓದಿ ನೋಡಿ. ನಕ್ಷತ್ರಗಳ ಒಳರಚನೆಯನ್ನು ಜೀವನವಿಡೀ ಅಭ್ಯಾಸ ಮಾಡಿದವರು ಕಣಭೌತವಿಜ್ಞಾನದ ಅಧ್ಯಾಯವನ್ನು ಪ್ರಕಾಶಕರ ಒತ್ತಾಯಕ್ಕೆ ಬರೆದಿರಬಹುದು. ಅದು ಸಪ್ಪೆಯಾಗಿರುತ್ತದೆ, ಹಿಗ್ಸ್ ಅಂಟು ದ್ರವವೂ ಅಲ್ಲಿ ಬಂದಿರುತ್ತದೆ. ಅದೇ ಪುಸ್ತಕದಲ್ಲಿ, ಸೂರ್ಯನ ಗರ್ಭದಲ್ಲಿ ಹುಟ್ಟಿದ ಶಕ್ತಿ ಮೇಲ್ಮೈಗೆ ಬರಲು ಸಾವಿರಾರು ವರ್ಷ ಹಿಡಿಯುತ್ತದೆ, ವಸ್ತುವಿನೊಡನೆ ಬಹುತೇಕ ವ್ಯವಹರಿಸದೆ ಹಾದುಹೋಗುವ ನ್ಯೂಟ್ರಿನೋ ಕಣಗಳು ಮಾತ್ರ ಎರಡೇ ಸೆಕೆಂಡುಗಳಲ್ಲಿ ಹೊರಬರುತ್ತವೆ, ಆದ್ದರಿಂದ ಸೂರ್ಯನ ಗರ್ಭದಲ್ಲಿ ಈಗ ಏನಾಗುತ್ತಿದೆ ಎಂಬುದನ್ನು ಬೆಳಕನ್ನು ಕೇಳದೆ ನ್ಯೂಟ್ರಿನೋಗಳನ್ನು ಕೇಳಬೇಕು ಎಂದು ಹೆಜ್ಜೆ ಹೆಜ್ಜೆಯಾಗಿ ಬಿಡಿಸುವ ಅಧ್ಯಾಯವಿದ್ದರೆ, ಅದೊಂದನ್ನೇ ಎರಡು ಸಲ ಓದಿ ಉಳಿದದ್ದನ್ನು ಬಿಡಬಹುದು. ಜನಪ್ರಿಯ ವಿಜ್ಞಾನದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಲೇಬೇಕೆಂದು ಯಾರೂ ಕಟ್ಟಳೆ ಮಾಡಿಲ್ಲ.